ಕಟ್ಟಡ ಕಾಯುವ ಎಂಜಿನಿಯರ್

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ಅನಾಹುತದಲ್ಲಿ 9 ಮಂದಿ ಮೃತಪಟ್ಟರು. ವಿದ್ಯುತ್ ಡಕ್ಟ್‌ನಲ್ಲಿ ಹುಟ್ಟಿದ ಹೊಗೆ ಮೇಲಿನ ಅಂತಸ್ತುಗಳಿಗೆ ವ್ಯಾಪಿಸಿತ್ತು. ಹೊರಬರುವ ದಾರಿ ಕಾಣದೆ ಕೆಲವರು ಕಿಟಕಿಗಳಿಂದ ಜಿಗಿದಿದ್ದರು. ಬಹುಮಹಡಿ ಕಟ್ಟಡವೊಂದರ ಡಕ್ಟ್, ಅಗ್ನಿಶಾಮಕ ಪಂಪು, ತುರ್ತು ಬಾಗಿಲುಗಳನ್ನು ದಿನನಿತ್ಯ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇಂತಹ ದುರಂತಗಳ ನಂತರವಷ್ಟೇ ಕೇಳಿಬರುತ್ತದೆ. ಆ ಕೆಲಸ ಕಟ್ಟಡ ಸೇವೆಗಳ ನಿರ್ವಹಣಾ ಎಂಜಿನಿಯರ್‌ಗೆ ಸೇರಿದ್ದು.

ಗೋಡೆ, ಕಂಬ, ತಾರಸಿ ಸಿವಿಲ್ ಎಂಜಿನಿಯರ್‌ಗಳ ವ್ಯಾಪ್ತಿ. ವಿದ್ಯುತ್, ಹವಾನಿಯಂತ್ರಣ, ಲಿಫ್ಟ್, ನೀರು, ಒಳಚರಂಡಿ ಹಾಗೂ ಅಗ್ನಿಶಾಮಕ ವ್ಯವಸ್ಥೆಗಳನ್ನು ಒಟ್ಟಾಗಿ ಕಟ್ಟಡ ಸೇವೆಗಳು ಎನ್ನಲಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಅಗ್ನಿ ಸುರಕ್ಷತೆಯನ್ನು 4ನೇ ಭಾಗದಲ್ಲಿಯೂ ಕಟ್ಟಡ ಸೇವೆಗಳನ್ನು 8ನೇ ಭಾಗದಲ್ಲಿಯೂ ವಿವರಿಸಿದೆ. ಕಟ್ಟಡಗಳ ನಿರ್ವಹಣೆಗೆ 12ನೇ ಭಾಗವನ್ನೇ ಮೀಸಲಿಟ್ಟಿದೆ.

ಕೆಲಸದ ಸ್ವರೂಪ

ಪಾಳಿ ಆರಂಭವಾಗುವುದು ಲಾಗ್ ಪುಸ್ತಕದಿಂದ. ಟ್ರಾನ್ಸ್‌ಫಾರ್ಮರ್‌ನ ಉಷ್ಣತೆ, ಚಿಲ್ಲರ್‌ಗೆ ಬರುವ ಹಾಗೂ ಹೊರಡುವ ನೀರಿನ ಉಷ್ಣತೆ, ಡೀಸೆಲ್ ಮಟ್ಟ, ಟ್ಯಾಂಕ್‌ಗಳ ನೀರಿನ ಮಟ್ಟ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಆದರೆ ಅಂಕಿಗಳನ್ನು ಬರೆದರೆ ಸಾಲದು, ಅವುಗಳ ಅರ್ಥ ತಿಳಿಯಬೇಕು.

ಅಗ್ನಿಶಾಮಕ ಕೊಳವೆಗಳಲ್ಲಿ ನೀರು ಸದಾ ಒತ್ತಡದಲ್ಲಿರುತ್ತದೆ. ಒತ್ತಡ ತುಸು ಇಳಿದರೆ ಜಾಕಿ ಪಂಪ್ ಎಂಬ ಚಿಕ್ಕ ಪಂಪು ತಾನಾಗಿಯೇ ಚಾಲೂ ಆಗಿ ಸರಿದೂಗಿಸುತ್ತದೆ. ಅದು ಪದೇ ಪದೇ ಚಾಲೂ ಆಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಸೋರಿಕೆ ಹುಡುಕುವ ಗೋಜಿಗೆ ಹೋಗದೆ ಪ್ಯಾನೆಲ್ ಅನ್ನು 'ಆಟೋ'ದಿಂದ 'ಮ್ಯಾನ್ಯುಯಲ್'ಗೆ ತಿರುಗಿಸಿ ಸುಮ್ಮನಾಗುವವರೂ ಉಂಟು. ಮುಖ್ಯ ಪಂಪನ್ನೂ ಹಾಗೆಯೇ ಬಿಟ್ಟರೆ ಬೆಂಕಿ ಬಿದ್ದ ದಿನ ಅದು ತಾನಾಗಿ ಏಳುವುದಿಲ್ಲ. ಅನುಭವಿ ಎಂಜಿನಿಯರ್ ಪಂಪ್‌ಹೌಸ್‌ಗೆ ಕಾಲಿಟ್ಟೊಡನೆ ಮೊದಲು ನೋಡುವುದು ಆ ಸ್ವಿಚ್ಚನ್ನೇ.

ಡೀಸೆಲ್ ಜನರೇಟರ್‌ನದೂ ಇದೇ ಕಥೆ. ವಾರಕ್ಕೊಮ್ಮೆ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ 'ಪರೀಕ್ಷಿಸಲಾಗಿದೆ' ಎಂದು ಬರೆಯುವುದು ಸುಲಭ. ಹೀಗೆ ಖಾಲಿ ಓಡಿದ ಯಂತ್ರದಲ್ಲಿ ಪೂರ್ತಿ ಉರಿಯದ ಇಂಧನವು ಮಸಿಯಾಗಿ ಕೂರುತ್ತದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯನ್ನು ನಂಬಿಕೊಂಡಿರುವ ಜನರೇಟರನ್ನು ಲೋಡ್ ಕೊಟ್ಟೇ ಪರೀಕ್ಷಿಸಬೇಕು.

ಯಂತ್ರಗಳಿಗಿಂತ ಕಠಿಣವಾದುದು 'ಆಗದು' ಎನ್ನುವ ಹೊಣೆ. 2018ರ ಜನವರಿಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಂತಹ ಗುಂಡಿಗಳಲ್ಲಿ ಸಂಗ್ರಹವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲವು ಹೆಚ್ಚಿನ ಪ್ರಮಾಣದಲ್ಲಿದ್ದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಕಾರ್ಮಿಕರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 'ಬೇಗ ಮುಗಿಸಿ' ಎಂದು ಮಾಲೀಕರೋ ಸಂಘದವರೋ ಒತ್ತಾಯಿಸಿದಾಗ ಕೆಲಸ ನಿಲ್ಲಿಸಬೇಕಾದವನು ಸ್ಥಳದಲ್ಲಿರುವ ಎಂಜಿನಿಯರ್.

ಏನು ಓದಬೇಕು?

ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್‌ಗಳಲ್ಲಿ ಎಲೆಕ್ಟ್ರಿಕಲ್ ಅಥವಾ ಮೆಕ್ಯಾನಿಕಲ್ ವಿಭಾಗದ 3 ವರ್ಷಗಳ ಡಿಪ್ಲೊಮಾ ಸಾಮಾನ್ಯ ಮಾರ್ಗ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಅಥವಾ ಶೀತಲೀಕರಣ ವೃತ್ತಿ ಕಲಿತು ತಂತ್ರಜ್ಞರಾಗಿ ಸೇರಿ ಮೇಲೆ ಬಂದವರೂ ಅನೇಕರು. ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿಇ 2ನೇ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ವಿದ್ಯುತ್ ವಿಭಾಗದವರಿಗೆ ಸೂಪರ್‌ವೈಸರ್ ಪರ್ಮಿಟ್ ಇದ್ದರೆ ಬೆಲೆ ಹೆಚ್ಚು. ಮುಂದೆ ಬ್ಯೂರೊ ಆಫ್ ಎನರ್ಜಿ ಎಫಿಶಿಯೆನ್ಸಿಯ ಇಂಧನ ಲೆಕ್ಕಪರಿಶೋಧಕ ಪರೀಕ್ಷೆ ತೇರ್ಗಡೆಯಾದರೆ ಬೇರೊಂದು ದಾರಿಯೇ ತೆರೆದುಕೊಳ್ಳುತ್ತದೆ.

ಐಟಿ ಪಾರ್ಕ್, ಆಸ್ಪತ್ರೆ, ಹೋಟೆಲ್, ಮಾಲ್, ವಿಮಾನ ನಿಲ್ದಾಣ, ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಅವಕಾಶಗಳಿವೆ. ಶಿಫ್ಟ್ ಎಂಜಿನಿಯರ್ ಆಗಿ ಸೇರಿದವರು ಫೆಸಿಲಿಟಿ ಮ್ಯಾನೇಜರ್ ಹುದ್ದೆಯವರೆಗೆ ಏರಬಹುದು. ಆದರೆ ಬಹುತೇಕ ನೇಮಕಾತಿ ನಡೆಯುವುದು ಗುತ್ತಿಗೆ ಸಂಸ್ಥೆಗಳ ಮೂಲಕ. ಗುತ್ತಿಗೆ ಬದಲಾದಾಗ ಸಿಬ್ಬಂದಿ ಬದಲಾಗುತ್ತಾರೆ. ಯಾವ ವಾಲ್ವ್ ಎಲ್ಲಿದೆ ಎಂಬ ತಿಳಿವಳಿಕೆಯೂ ಅವರೊಡನೆ ಗೇಟು ದಾಟುತ್ತದೆ. ರಾತ್ರಿ ಪಾಳಿ, ಹಬ್ಬದ ದಿನದ ಕೆಲಸ ತಪ್ಪಿದ್ದಲ್ಲ. ಎಸಿ ಕೆಟ್ಟ ದಿನ ಬೈಗುಳ ಕೇಳುವ ಈ ವೃತ್ತಿಗೆ, ಏನೂ ಕೆಡದ ದಿನ ಮೆಚ್ಚುಗೆ ಸಿಗುವುದು ಅಪರೂಪ.

ಸಂದರ್ಶನಕ್ಕೆ ಹೋಗುವ ಅಭ್ಯರ್ಥಿಗಳು ನೇಮಕಾತಿ ಪತ್ರ ಕೊಡುವವರು ಯಾರು, ಪಿಎಫ್ ಮತ್ತು ಇಎಸ್‌ಐ ಸೌಲಭ್ಯ ಇದೆಯೇ, ಒಂದು ಪಾಳಿಗೆ ಎಷ್ಟು ಜನ ಎಂಬುದನ್ನು ಕೇಳಿ ತಿಳಿಯುವುದು ಒಳಿತು. ಸಾಧ್ಯವಾದರೆ ಪಂಪ್‌ಹೌಸ್‌ನ ಲಾಗ್ ಪುಸ್ತಕವನ್ನೂ ಒಮ್ಮೆ ನೋಡಬೇಕು. ಇಡೀ ತಿಂಗಳ ಅಂಕಿಗಳು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಇದ್ದರೆ ಆ ಕಟ್ಟಡದ ನಿರ್ವಹಣೆ ಹೇಗಿದೆ ಎಂಬುದನ್ನು ಬೇರೆ ಯಾರನ್ನೂ ಕೇಳಬೇಕಿಲ್ಲ.