ಅಸ್ಥಿಜನಕ ಕೋಶಗಳು ಮತ್ತು ರೋಗರಕ್ಷಣೆ

ವೈದ್ಯಶಾಸ್ತ್ರದಲ್ಲಿ ಆಸ್ಟಿಯೊಬ್ಲಾಸ್ಟ್ ಎಂದು ಪ್ರಸಿದ್ಧವಾಗಿರುವ ಅಸ್ಥಿಜನಕ ಕೋಶಗಳು ಕೊಲಾಜೆನ್ ತಂತುಗಳ ಹಂದರವನ್ನು ನೆಯ್ದು, ಸುಣ್ಣ ಮತ್ತು ರಂಜಕದ ಲವಣಗಳು ಅದರಲ್ಲಿ ನೆಲೆಗೊಳ್ಳುವಂತೆ ಮಾಡಿ ಎಲುಬನ್ನು ಕಟ್ಟತಕ್ಕವು. ಬಹುಕಾಲದವರೆಗೆ ಇವನ್ನು ಕೇವಲ ಶಿಲ್ಪಿಗಳೆಂದೇ ಎಣಿಸಿ, ರೋಗಾಣುಗಳೊಡನೆ ಹೋರುವ ಕಾರ್ಯವನ್ನೆಲ್ಲ ಬಿಳಿಯ ರಕ್ತಕಣಗಳಿಗೆ ಬಿಟ್ಟಿದ್ದರು. ಬಿಳಿಯ ಕಣಗಳ ಸ್ರಾವದಿಂದ ಎಲುಬು ಕರಗುವುದೆಂದು 1972ರಲ್ಲಿ ಪ್ರಕಟವಾದ ಮೇಲೆ ಈ ಎರಡು ವರ್ಗಗಳ ನಂಟು ಗೋಚರಿಸತೊಡಗಿತು. 2000ದ ವೇಳೆಗೆ ಆಸ್ಟಿಯೊಇಮ್ಯುನಾಲಜಿ ಎಂಬ ಪ್ರತ್ಯೇಕ ಶಾಖೆಯೇ ಹೆಸರು ಪಡೆಯಿತು.

ಎಲುಬಿನಲ್ಲಿ ಕೀವುಗಟ್ಟಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಸಮೀಪಿಸಿದಾಗ, ಅಸ್ಥಿಜನಕ ಕೋಶಗಳು ತಮ್ಮ ಟೋಲ್ ಗ್ರಾಹಕಗಳ ಮೂಲಕ ಅದನ್ನು ಗುರುತಿಸಿ, ಇಂಟರ್‌ಲ್ಯೂಕಿನ್-6 ಮೊದಲಾದ ಸಂದೇಶದ್ರವ್ಯಗಳನ್ನೂ, ರಕ್ಷಕಕಣಗಳನ್ನು ಸ್ಥಳಕ್ಕೆ ಸೆಳೆಯುವ ಕೀಮೋಕೈನುಗಳನ್ನೂ ಹೊರಸೂಸುವುವು. ಮಜ್ಜೆಯಲ್ಲಿಯೂ ಇವುಗಳ ಪ್ರಭಾವ ಉಂಟು: ಇವನ್ನು ನಾಶಗೊಳಿಸಿದ ಇಲಿಗಳಲ್ಲಿ, ಪ್ರತಿಕಾಯಗಳ ಮೂಲವಾದ ಬಿ-ಲಿಂಫೋಸೈಟುಗಳ ಪೂರ್ವಜಕಣಗಳು ಕ್ಷೀಣಿಸಿದುವು. ಈ ಸಾಕ್ಷ್ಯದ ಬಹುಭಾಗ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದಲೂ ಇಲಿಗಳಿಂದಲೂ ಬಂದುದಾದ್ದರಿಂದ, ಇವನ್ನು ಯೋಧರೆನ್ನುವುದಕ್ಕಿಂತ ಕಾವಲುಗಾರರೆನ್ನುವುದೇ ಯುಕ್ತ.

ಕಟ್ಟುವ ಚೈತನ್ಯ ಹೆಚ್ಚಿದೊಡನೆ ಕಾಯುವ ಸಾಮರ್ಥ್ಯವೂ ಹೆಚ್ಚುವುದೆಂದು ಭಾವಿಸಲಾಗದು. ಕೊಟ್ಟೂರು, ಕೂಡ್ಲಿಗಿಗಳ ಸುತ್ತಣ ಬಯಲುಸೀಮೆಯಲ್ಲಿ ಗಟ್ಟಿಶಿಲೆಯೊಳಗಿನಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಧಿಕ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ಅಂಗೀಕೃತ ನಿಯಮ. ಈ ಲವಣ ಅಸ್ಥಿಜನಕ ಕೋಶಗಳನ್ನು ಪ್ರಚೋದಿಸತಕ್ಕದ್ದು. ವರ್ಷಾನುಗಟ್ಟಲೆ ಅಂಥ ನೀರನ್ನು ಕುಡಿದವರಲ್ಲಿ ಎಲುಬು ಸಾಂದ್ರವಾಗಿ, ಸಂಧಿಬಂಧಗಳೂ ಸುಣ್ಣಗಟ್ಟಿ, ಬೆನ್ನು ಬಾಗದಂತಾಗುವುದುಂಟು. ಇದು ನಿರ್ಮಾಣದ ಅತಿರೇಕವೇ ಹೊರತು ರಕ್ಷಣೆಯ ಪರಾಕ್ರಮವಲ್ಲ.

ಕಾವಲಿಗೂ ದೋಷವಿದೆ. ಸೋಂಕು ತಗಲಿದ ಅಸ್ಥಿಜನಕ ಕೋಶಗಳು ಹೊರಗೆಡಹುವ ರ‍್ಯಾಂಕ್-ಎಲ್ ಎಂಬ ದ್ರವ್ಯ ಎಲುಬನ್ನು ಕರಗಿಸುವ ಆಸ್ಟಿಯೊಕ್ಲಾಸ್ಟುಗಳನ್ನು ಎಬ್ಬಿಸುವುದರಿಂದ, ಶತ್ರುವಿನ ನೆಪದಲ್ಲಿ ಸ್ವಗೃಹವೇ ಸವೆಯುತ್ತದೆ. ಅಲ್ಲದೆ ಬ್ಯಾಕ್ಟೀರಿಯಗಳು ಇದೇ ಕೋಶಗಳ ಒಳಹೊಕ್ಕು, ಪ್ರತಿಕಾಯಗಳಿಗೂ ಅನೇಕ ಔಷಧಗಳಿಗೂ ನಿಲುಕದಂತೆ ಅಡಗಿರಬಲ್ಲವು. ಎಲುಬಿನ ಸೋಂಕಿಗೆ ಪ್ರತಿಜೀವಕಗಳನ್ನು ವಾರಗಟ್ಟಲೆ ಕೊಡಬೇಕಾಗುವುದಕ್ಕೂ, ವಾಸಿಯಾಯಿತೆಂದುಕೊಂಡ ವ್ರಣ ಕೆಲವೊಮ್ಮೆ ವರ್ಷಗಳ ತರುವಾಯ ಮರಳಿ ಕೀವಾಡುವುದಕ್ಕೂ ಇದು ಒಂದು ಕಾರಣವೆಂದು ಎಣಿಸಲಾಗಿದೆ.