ಯುರೇನಿಯಂ ಬೇರ್ಪಡಿಕೆಯ ಇತಿಹಾಸ: ಆಮ್ಲ, ದ್ರಾವಕ ಮತ್ತು ಶಿಲೆ

ಖನಿಜ ಸಂಪತ್ತಿನ ಇತಿಹಾಸವನ್ನು ಬರೆಯುವವರು ನಿಕ್ಷೇಪಗಳ ಶೋಧಕ್ಕೆ ಕೊಡುವಷ್ಟು ಮಹತ್ವವನ್ನು ಲೋಹವನ್ನು ಬೇರ್ಪಡಿಸುವ ವಿದ್ಯೆಗೆ ಕೊಡುವುದು ವಿರಳ. ಯುರೇನಿಯಮ್ಮಿನ ವಿಷಯದಲ್ಲಿ ಈ ಉಪೇಕ್ಷೆ ಸಲ್ಲದು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದಲೇ ವಿಚಾರವನ್ನು ಆರಂಭಿಸಬಹುದು. ಇಲ್ಲಿಯ ಬಿಳಿಗಿರಿರಂಗನ ಬೆಟ್ಟಗಳ ಚಾರ್ನೊಕೈಟ್ ಶಿಲೆಯು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ತೀವ್ರ ತಾಪದಲ್ಲಿ ರೂಪಾಂತರ ಹೊಂದಿತು. ಇಂತಹ ಶಿಲೆಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ಅತ್ಯಲ್ಪ. ಆ ತಾಪವೇ ಅದನ್ನು ಶಿಲೆಯಿಂದ ಹೊರದೂಡಿತೆಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಪ್ರಕೃತಿಯು ನಡೆಸಿದ ಈ ಬೇರ್ಪಡಿಕೆಯನ್ನು ಮನುಷ್ಯನು ಸಾಧಿಸಿದ ಬಗೆಯೇ ಪ್ರಸ್ತುತ ವಿಷಯ.

1841ರಲ್ಲಿ ಯುರೇನಿಯಂ ಲೋಹವನ್ನು ಮೊದಲು ಪಡೆದ ಫ್ರಾನ್ಸಿನ ಪೆಲಿಗೋ, 1842ರಲ್ಲಿ ಅದರ ನೈಟ್ರೇಟ್ ಲವಣವು ಈಥರಿನಲ್ಲಿ ಕರಗುವುದನ್ನು ಗುರುತಿಸಿದನು. ಒಂದು ಶತಮಾನ ಕಾಲ ಪ್ರಯೋಗಶಾಲೆಗೆ ಸೀಮಿತವಾಗಿದ್ದ ಈ ಗುಣವು 1942ರಲ್ಲಿ ಅಮೆರಿಕದ ಅಣುಬಾಂಬಿನ ಯೋಜನೆಗಾಗಿ ಸೇಂಟ್ ಲೂಯಿಸ್ ನಗರದಲ್ಲಿ ಕಾರ್ಖಾನೆಯ ವಿಧಾನವಾಯಿತು. ಈಥರ್ ಬೇಗನೆ ಹೊತ್ತಿಕೊಳ್ಳುವ ದ್ರವ. ಆದಕಾರಣ 1950ರ ದಶಕದಲ್ಲಿ ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ಸಾವಯವ ವಸ್ತುವು ಪ್ರಾಧಾನ್ಯ ಪಡೆಯಿತು.

ಇದರ ಕ್ರಮ ಸರಳವಾದುದು. ಅದಿರಿನಿಂದ ಬಂದ ಯುರೇನಿಯಮ್ಮನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೀಮೆಎಣ್ಣೆಯಂತಹ ದ್ರವದಲ್ಲಿ ಬೆರೆಸಿದ ಫಾಸ್ಫೇಟಿನೊಡನೆ ಕಲಕುತ್ತಾರೆ. ಲೋಹದ ಅಯಾನಿಗೆ ಅಂಟಿಕೊಳ್ಳುವ ಇಂತಹ ಅಣುವಿಗೆ ಲಿಗ್ಯಾಂಡ್ ಎಂದು ಹೆಸರು. ಎರಡು ನೈಟ್ರೇಟುಗಳೂ ಎರಡು ಫಾಸ್ಫೇಟ್ ಅಣುಗಳೂ ಯುರೇನಿಯಮ್ಮಿನ ಅಯಾನನ್ನು ಸುತ್ತುವರಿದು ಅದನ್ನು ಎಣ್ಣೆಯ ಪದರಕ್ಕೆ ಒಯ್ಯುತ್ತವೆ. ಕಲ್ಮಷಗಳ ಬಹುಭಾಗ ಆಮ್ಲದಲ್ಲಿಯೇ ಉಳಿಯುತ್ತದೆ. ಬಳಿಕ ಎಣ್ಣೆಯನ್ನು ನೀರಿನೊಡನೆ ಕಲಕಿದರೆ ಶುದ್ಧ ಲವಣವು ನೀರಿಗೆ ಮರಳುತ್ತದೆ. ದ್ರಾವಕವು ಪುನಃ ಉಪಯೋಗಕ್ಕೆ ಬರುತ್ತದೆ.

ಟ್ರಾಂಬೆಯಲ್ಲಿ 1959ರಲ್ಲಿ ಆರಂಭವಾದ ಯುರೇನಿಯಂ ಲೋಹದ ಸ್ಥಾವರವು ಈ ವಿದ್ಯೆಯನ್ನು ಭಾರತದಲ್ಲಿ ನೆಲೆಗೊಳಿಸಿತು. 1964ರಲ್ಲಿ ಅಲ್ಲಿಯೇ, ಹೋಮಿ ಸೇಠ್ನಾ ಅವರ ನೇತೃತ್ವದಲ್ಲಿ ಸಿದ್ಧವಾದ ಪ್ಲುಟೋನಿಯಂ ಸ್ಥಾವರವು ಇದೇ ದ್ರಾವಕವನ್ನು ಆಶ್ರಯಿಸಿತು. 1974ರ ಪೋಖ್ರಾನ್ ಸ್ಫೋಟದ ಹೊಣೆ ಹೊತ್ತವರಲ್ಲಿ ಕನ್ನಡಿಗ ರಾಜಾ ರಾಮಣ್ಣನವರು ಪ್ರಮುಖರು. ಅದರ ಪ್ಲುಟೋನಿಯಮ್ಮು ಈ ಬೇರ್ಪಡಿಕೆಯ ಫಲವೇ ಆಗಿತ್ತು. ಶಾಂತಿಯ ಇಂಧನಕ್ಕೂ ಸಂಹಾರದ ಅಸ್ತ್ರಕ್ಕೂ ಒಂದೇ ಕ್ರಮವು ದಾರಿಯಾದುದು ಇತಿಹಾಸಕಾರನು ಮರೆಯಬಾರದ ಸಂಗತಿ.

ಆದರೆ ಎಲ್ಲ ಶಿಲೆಗೂ ಆಮ್ಲ ಸಲ್ಲದು. ಜಾದುಗುಡದ ಅದಿರನ್ನು ಗಂಧಕಾಮ್ಲದಿಂದ ಕರಗಿಸುತ್ತಾರೆ. ಯಾದಗಿರಿ ಜಿಲ್ಲೆಯ ಗೋಗಿಯ ನಿಕ್ಷೇಪವಾದರೋ ಸುಣ್ಣಕಲ್ಲಿನಲ್ಲಿಯೂ ಅದರ ಕೆಳಗಿನ ಗ್ರಾನೈಟಿನಲ್ಲಿಯೂ ಇದೆ. ಸುಣ್ಣಕಲ್ಲು ಆಮ್ಲವನ್ನು ವ್ಯರ್ಥವಾಗಿ ನುಂಗುವುದರಿಂದ ಅಂತಹ ಅದಿರಿಗೆ ಕ್ಷಾರವೇ ಯೋಗ್ಯ. ಆಂಧ್ರದ ತುಮ್ಮಲಪಲ್ಲಿಯಲ್ಲಿ ಅನುಸರಿಸಿದುದು ಕ್ಷಾರಕ್ರಮವನ್ನೇ. ಗಣಿಯ ಪ್ರಸ್ತಾಪಕ್ಕೆ ಗೋಗಿಯ ಗ್ರಾಮಸ್ಥರಿಂದ ಆಕ್ಷೇಪಣೆಗಳೂ ಬಂದಿವೆ. ನೆಲದಿಂದ ತೆಗೆದ ಕಲ್ಲಿನ ಬಹುಭಾಗವು ತ್ಯಾಜ್ಯವಾಗಿ ಊರಿನ ಬಳಿಯಲ್ಲಿಯೇ ಉಳಿಯುವುದರಿಂದ ಆ ಆತಂಕ ಅಕಾರಣವಲ್ಲ. ಬೇರ್ಪಡಿಸಿ ಒಯ್ದುದೇನು ಎಂಬುದರ ಜೊತೆಗೆ ಬಿಟ್ಟುಹೋದುದೇನು ಎಂಬುದನ್ನೂ ದಾಖಲಿಸಿದಾಗಲೇ ಈ ಇತಿಹಾಸವು ಪೂರ್ಣವಾಗುತ್ತದೆ.