ಕಾರಿನ ಮುಂದಿನ ಚಕ್ರದ ಬಳಿ ‘ಟಕ್ ಟಕ್’ ಶಬ್ದ: ಅಲೈನ್‌ಮೆಂಟ್ ಮಾಡಿಸಿದರೆ ಹೋಗುತ್ತದೆಯೇ?

ನಮ್ಮ ತಂಡದ ಗೆಳೆಯರೊಬ್ಬರ ಹಳೆಯ ಸಣ್ಣ ಕಾರಿನಲ್ಲಿ ಹಂಪ್ ಇಳಿಯುವಾಗಲೆಲ್ಲ ಎಡಗಡೆ ‘ಟಕ್’ ಎನ್ನತೊಡಗಿತು. ಸಿಕ್ಕ ಮೊದಲ ಸಲಹೆ, “ವೀಲ್ ಅಲೈನ್‌ಮೆಂಟ್ ಮಾಡಿಸಿ, ಸರಿಹೋಗುತ್ತೆ.” ಮಾಡಿಸಿದರು. ಎರಡು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಶಬ್ದ ಹೋಗಲಿಲ್ಲ, ಟೈರಿನ ಒಳ ಅಂಚು ಮಾತ್ರ ಸವೆಯುತ್ತಾ ಹೋಯಿತು. ಕೊನೆಗೆ ಇನ್ನೊಂದು ಗ್ಯಾರೇಜಿನ ಮೆಕ್ಯಾನಿಕ್ ಚಕ್ರವನ್ನು ಜಾಕ್ ಮೇಲೆ ಎತ್ತಿ, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ, “ಬಾಲ್ ಜಾಯಿಂಟ್ ಪ್ಲೇ ಬಂದಿದೆ, ಇವತ್ತೇ ಬದಲಿಸಿ” ಎಂದರು.

ಅಲೈನ್‌ಮೆಂಟ್ ಸಲಹೆ ಎಷ್ಟು ನಿಜ? ಒಂದೇ ಮಾತಿನಲ್ಲಿ ಹೇಳುವುದಾದರೆ, ಶಬ್ದಕ್ಕೆ ಅದು ಮದ್ದಲ್ಲ. ಅಲೈನ್‌ಮೆಂಟ್ ಯಂತ್ರ ನಿಂತ ಕಾರಿನ ಚಕ್ರಗಳು ಯಾವ ಕೋನದಲ್ಲಿವೆ ಎಂದು ಅಳೆಯುತ್ತದೆ, ಅಷ್ಟೇ. ಕೀಲು ಸಡಿಲವಾಗಿದ್ದರೆ ಇಂದು ಕೂರಿಸಿದ ಕೋನ ನಾಳೆ ಮೊದಲ ಗುಂಡಿಯಲ್ಲೇ ಬದಲಾಗುತ್ತದೆ. ಬಾಗಿಲಿನ ಕೀಲು ಸಡಿಲವಾದಾಗ ಚಿಲಕವನ್ನು ಸರಿಪಡಿಸಿದಂತೆ.

ಒಳಗೆ ಏನಿದೆ?

ಆಲ್ಟೊ, ಸ್ವಿಫ್ಟ್, ವ್ಯಾಗನ್ ಆರ್, ಐ10 ಮುಂತಾದ ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆ 1950ರ ಹೊತ್ತಿಗೆ ಫೋರ್ಡ್ ಕಂಪನಿಯ ಯುರೋಪಿನ ಕಾರುಗಳಲ್ಲಿ ಬಂತು. ಭಾಗಗಳು ಕಡಿಮೆ, ಜಾಗವೂ ಕಡಿಮೆ ಸಾಕು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬವೇ ಸ್ಟ್ರಟ್. ಅದರ ತಲೆ ರಬ್ಬರಿನ ಮೌಂಟ್ ಮೂಲಕ ಬಾಡಿಗೆ ಸೇರಿರುತ್ತದೆ. ಬುಡದಲ್ಲಿ ಚಕ್ರವನ್ನು ಹಿಡಿದಿಡುವುದು ಲೋಯರ್ ಆರ್ಮ್. ಈ ಆರ್ಮ್‌ನ ಒಂದು ತುದಿ ಬುಷ್‌ಗಳ ಮೂಲಕ ಕಾರಿಗೆ, ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೆ ಸೇರುತ್ತದೆ. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವುದು ಟೈ ರಾಡ್. ತಿರುವಿನಲ್ಲಿ ಕಾರು ಒಂದೇ ಕಡೆ ವಾಲದಂತೆ ತಡೆಯುವ ಸ್ಟೆಬಿಲೈಜರ್ ಬಾರ್‌ಗೆ ಎರಡು ಪುಟ್ಟ ಲಿಂಕ್ ರಾಡ್‌ಗಳಿವೆ.

ಬಾಲ್ ಜಾಯಿಂಟ್ ನಮ್ಮ ತೋಳು ಭುಜಕ್ಕೆ ಸೇರುವ ಕೀಲಿನ ಹಾಗೆ. ಬಟ್ಟಲಿನೊಳಗೆ ಒಂದು ಗುಂಡು, ಸುತ್ತ ಗ್ರೀಸ್, ಮೇಲೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಮಳೆನೀರು, ಧೂಳು ಒಳಗೆ ಹೋಗಿ ಗ್ರೀಸ್ ತೊಳೆದುಹೋಗುತ್ತದೆ. ಅಲ್ಲಿಂದ ಲೋಹ ಲೋಹವನ್ನೇ ತಿನ್ನುತ್ತದೆ. ಸವೆತ ಮಿತಿಮೀರಿ ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರದ ಬುಡ ಹೊರಕ್ಕೆ ಜಾರುತ್ತದೆ, ಕಾರು ಆ ಮೂಲೆಗೆ ಕುಸಿಯುತ್ತದೆ. ಓಡುವಾಗ ಹೀಗಾದರೆ ಸ್ಟೀರಿಂಗ್ ಚಾಲಕರ ಮಾತು ಕೇಳುವುದಿಲ್ಲ. ಆ ಮೆಕ್ಯಾನಿಕ್ “ಇವತ್ತೇ” ಎಂದದ್ದು ಇದಕ್ಕೇ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ಹಂಪ್ ಎಂದರೆ 3.7 ಮೀಟರ್ ಅಗಲಕ್ಕೆ ಹರಡಿದ, 10 ಸೆಂಟಿಮೀಟರ್ ಎತ್ತರದ ನಯವಾದ ಉಬ್ಬು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಗೋಡೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೀಲುಗಳು ಬೇಗ ಸವೆಯುವುದರಲ್ಲಿ ಆಶ್ಚರ್ಯವೂ ಇಲ್ಲ.

ಶಬ್ದ ಕೇಳಿ ಎಷ್ಟು ಹೇಳಬಹುದು?

ಸ್ವಲ್ಪ ಮಟ್ಟಿಗೆ ಮಾತ್ರ. ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಗುಂಡಿಗಳಲ್ಲಿ ‘ಟಕ ಟಕ’ ಎಂದರೆ ಲಿಂಕ್ ರಾಡ್ ಮೇಲೆ ಮೊದಲ ಅನುಮಾನ. ಬ್ರೇಕ್ ಒತ್ತಿದಾಗ ಅಥವಾ ಕಾರು ಹೊರಡುವಾಗ ಒಂದೇ ಒಂದು ‘ದಡ್’ ಬಂದರೆ ಲೋಯರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮಿಡಿದಂತೆ ಕೇಳಿದರೆ ಸ್ಟ್ರಟ್ ಮೌಂಟ್. ಪೂರ್ತಿ ತಿರುಗಿಸಿ ಹೊರಟಾಗ ‘ಕಟ ಕಟ’ ಎಂದರೆ ಅದು ಸಸ್ಪೆನ್ಷನ್ನೇ ಅಲ್ಲ, ಆಕ್ಸಲ್‌ನ ಸಿವಿ ಜಾಯಿಂಟ್ ಇರಬಹುದು. ವೇಗದ ಜೊತೆಗೇ ಏರುವ ‘ಹೂಂ’ ಎಂಬ ಗುಂಯ್‌ಗುಡುವಿಕೆ ವೀಲ್ ಬೇರಿಂಗ್‌ನದು. ಆದರೆ ಶಬ್ದ ಕಾರಿನ ತಗಡಿನಲ್ಲಿ ಹರಿದು ಬರುವುದರಿಂದ ಎಡದ ಸದ್ದು ಬಲದಿಂದ ಬಂದಂತೆ ಕೇಳುವುದೂ ಉಂಟು. ಶಬ್ದ ಸುಳಿವು ಕೊಡುತ್ತದೆ, ತೀರ್ಮಾನವನ್ನಲ್ಲ.

ಕೈಯಿಂದ ಅಲ್ಲಾಡಿಸಿ ನೋಡಿದ ಮೇಲೆಯೇ ತೀರ್ಮಾನ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ, ಗಟ್ಟಿಯಾದ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಡಿಕ್ಕಿಯಲ್ಲಿರುವ ಜಾಕ್ ಸ್ಟೆಪ್ನಿ ಬದಲಿಸಲಷ್ಟೇ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ ಕಾಲು ಯಾವುದನ್ನೂ ಇಡಬೇಡಿ.

ಚಕ್ರವನ್ನು ಗಡಿಯಾರ ಎಂದುಕೊಳ್ಳಿ. 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಕಡೆ ನೋಡಿ. 12 ಮತ್ತು 6ರಲ್ಲಿ ಸಡಿಲ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎರಡರಲ್ಲಿ ಯಾವುದು? ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಸಡಿಲ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ ಗಟ್ಟಿ. ಉದ್ದನೆಯ ಸಲಾಕೆಯಿಂದ ಲೋಯರ್ ಆರ್ಮ್ ತುದಿಯನ್ನು ಮೀಟಿದರೆ ಕೀಲು ಆಡುವುದು ಕಣ್ಣಿಗೇ ಕಾಣುತ್ತದೆ.

ಲಿಂಕ್ ರಾಡ್ ಮಾತ್ರ ಮೋಸ ಮಾಡುತ್ತದೆ. ಒಂದೇ ಚಕ್ರ ಎತ್ತಿದರೆ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಎಳೆದಿರುತ್ತದೆ, ಸವೆತ ಗೊತ್ತೇ ಆಗುವುದಿಲ್ಲ. ಎರಡೂ ಚಕ್ರ ಎತ್ತಿ, ಇಲ್ಲವೇ ಎರಡೂ ನೆಲದ ಮೇಲಿರುವಾಗ ನೋಡಿ.

ಬಾನೆಟ್ ಮೂಲೆಯನ್ನು ಒತ್ತಿ ಬಿಟ್ಟು ಶಾಕ್ ಅಬ್ಸಾರ್ಬರ್ ಪರೀಕ್ಷಿಸುವುದು ಅರ್ಧ ಸತ್ಯ. ಕಾರು ಮೂರು ನಾಲ್ಕು ಬಾರಿ ಕುಣಿದರೆ ಶಾಕ್ ಕೆಟ್ಟಿದೆ ಎನ್ನಬಹುದು. ಕುಣಿಯದಿದ್ದರೆ ಚೆನ್ನಾಗಿದೆ ಎನ್ನಲಾಗದು. ಎಣ್ಣೆ ಸೋರಿ ಕಂಬ ಒದ್ದೆಯಾಗಿದೆಯೇ, ಟೈರ್ ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದೆಯೇ ಎನ್ನುವುದನ್ನೂ ನೋಡಬೇಕು. ಕೀರಲು ಶಬ್ದ ಬರುವ ಬುಷ್‌ಗೆ ಹಳೇ ಎಂಜಿನ್ ಆಯಿಲ್ ಬಿಡುವ ಮನೆಮದ್ದಂತೂ ಬೇಡ. ನಾಲ್ಕು ದಿನ ಶಬ್ದ ನಿಲ್ಲಬಹುದು, ಆದರೆ ಖನಿಜ ತೈಲಕ್ಕೆ ರಬ್ಬರ್ ಊದಿ ಮೆತ್ತಗಾಗಿ ಬೇಗ ಹರಿಯುತ್ತದೆ.

ಬದಲಿಸುವಾಗ

ಕೈಪಳಗಿದವರು ಲಿಂಕ್ ರಾಡ್ ಅನ್ನು ಮನೆಯಲ್ಲೇ ಬದಲಿಸಬಹುದು. ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿಕೊಂಡು ಹೊಸದನ್ನು ಅಷ್ಟೇ ಸುತ್ತು ಹಾಕಿದರೆ, ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೆಟ್ಟಗೆ ಹೋಗುತ್ತದೆ. ಪಿನ್ ಇರುವ ಕಡೆ ಹೊಸ ಪಿನ್ ಹಾಕಬೇಕು. ಅನೇಕ ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮ್‌ಗೇ ಕೂಡಿಕೊಂಡಿರುವುದರಿಂದ ಇಡೀ ಆರ್ಮ್ ಬದಲಿಸುವುದು ವಾಡಿಕೆ. ಇದರಲ್ಲಿ ವಂಚನೆಯೇನಿಲ್ಲ. ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ ಎಡ ಬಲ ಜೋಡಿಯಾಗಿಯೇ ಬದಲಿಸಿ, ಇಲ್ಲದಿದ್ದರೆ ಎರಡು ಕಡೆ ಎರಡು ಬಗೆಯ ಹಿಡಿತ. ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡವೇ ಬೇಡ. ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ.

ಗ್ಯಾರೇಜಿನಲ್ಲಿ ಆಗಾಗ ತಪ್ಪಿಹೋಗುವ ಒಂದು ಹೆಜ್ಜೆ ಇದೆ. ಲೋಯರ್ ಆರ್ಮ್‌ನ ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಈ ಬುಷ್‌ನಲ್ಲಿ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಕೆಳಗಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇದ್ದು, ಹೊಸ ಬುಷ್ ಕೂಡ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿತ ಕೊಡಬೇಕು, ಅದೂ ತಯಾರಕರು ಹೇಳಿದ ಅಳತೆಗೆ, ಟಾರ್ಕ್ ರೆಂಚ್‌ನಿಂದ. “ಇಳಿಸಿದ ಮೇಲೆ ಬಿಗಿಯುತ್ತೀರಲ್ಲಾ?” ಎಂದು ಕೇಳಿ ನೋಡಿ.

ಅಲೈನ್‌ಮೆಂಟ್ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ. ಟೈ ರಾಡ್, ಲೋಯರ್ ಆರ್ಮ್ ಅಥವಾ ಸ್ಟ್ರಟ್ ಬಿಚ್ಚಿ ಹಾಕಿದ್ದರೆ ಮಾಡಿಸಲೇಬೇಕು. ಬರೀ ಲಿಂಕ್ ರಾಡ್ ಬದಲಿಸಿದ್ದರೆ ಅಗತ್ಯವಿಲ್ಲ.

ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹೊಸ ಬಾಲ್ ಜಾಯಿಂಟ್ ಕೈಗೆ ಬಿಗಿಯಾಗಿರುತ್ತದೆ, ತಿರುಗಿಸಲು ಬಲ ಬೇಕು. ನಮ್ಮ ಗೆಳೆಯರ ಕಾರಿನಿಂದ ಬಂದದ್ದು ಈಗ ನಮ್ಮ ಮೇಜಿನ ಮೇಲಿದೆ. ಒಂದೇ ಬೆರಳಿನಲ್ಲಿ ತಳ್ಳಿದರೂ ‘ಟಕ್’ ಎನ್ನುತ್ತದೆ.